ಮಾತ್ರೆಯ ದಿನ

ಅತ್ತೆಯ ನೈಟಿಗಳು ಒಂದೊಂದಾಗಿ ಉದ್ದವಾಗತೊಡಗಿದ್ದವು. ಒಗೆದ ಬಟ್ಟೆ ಕುಗ್ಗುವುದು ಎಲ್ಲ ಕಡೆಯ ವಾಡಿಕೆ; ಈ ಮನೆಯಲ್ಲಿ ಮಾತ್ರ ಹಿಗ್ಗುತ್ತಿತ್ತು. ಹೊಸ್ತಿಲು ದಾಟುವಾಗ ಅಂಚು ಕಾಲಿಗೆ ತೊಡರಿ ಮುಗ್ಗರಿಸಿದ ಮೇಲೆ ಅತ್ತೆ ಹೊಲಿಗೆ ಮೆಷಿನ್ ಮುಂದೆ ಕೂತು ಎಲ್ಲ ನೈಟಿಗಳ ಕೆಳಗೂ ಒಂದೊಂದು ಮಡಿಕೆ ಹಾಕಿದರು. ಬೀದಿಯವರ ಬಟ್ಟೆಗಳನ್ನು ಬಿಗಿ ಮಾಡುವುದು, ಸಡಿಲ ಮಾಡುವುದು, ಜಿಪ್ ಬದಲಾಯಿಸುವುದು ಅವರ ಕಸುಬು. ತಮ್ಮ ಬಟ್ಟೆಗೆ ಕೈ ಹಾಕಲು ಅವರಿಗೆ ಪುರುಸೊತ್ತು ಸಿಕ್ಕಿದ್ದು ಬಿದ್ದು ಏಳುವ ಹಾಗಾದ ಮೇಲೆಯೇ.

"ದರಿದ್ರದ ಬಟ್ಟೆ, ಜಗ್ಗಿಬಿಟ್ಟಿದೆ. ಅಂಗಡಿಯವನು ಚೆನ್ನಾಗಿ ಟೋಪಿ ಹಾಕಿದ."

ಎಲ್ಲವೂ ಒಟ್ಟಿಗೆ ಜಗ್ಗಿದವೇ ಎಂದು ಸೊಸೆ ಕೇಳಬಹುದಿತ್ತು. ಕೇಳಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳು ಈ ಮನೆಯಲ್ಲಿ ಕೇಳಿದ ಪ್ರಶ್ನೆಗಳೆಲ್ಲ ಉಪ್ಪೆಷ್ಟು, ಬೆಳಗಿನ ತಿಂಡಿಗೇನು ಎಂಬಷ್ಟರಲ್ಲೇ ಮುಗಿಯುತ್ತಿದ್ದವು. ನೋಡುವುದು ಮಾತ್ರ ಎಲ್ಲವನ್ನೂ ನೋಡುತ್ತಿದ್ದಳು. ಅಡುಗೆಮನೆಯ ಮೇಲಿನ ಗೂಡಿನಲ್ಲಿದ್ದ ಸಕ್ಕರೆ ಡಬ್ಬಿ ಕೆಳಗಿನ ಗೂಡಿಗೆ ಇಳಿದಿದ್ದು, ಅತ್ತೆ ಕನ್ನಡಿಯನ್ನು ಒಂದು ಮೊಳೆ ಕೆಳಗೆ ತೂಗುಹಾಕಿದ್ದು, ಎಲ್ಲ ಅವಳ ಕಣ್ಣಿಗೆ ಬಿದ್ದಿತ್ತು.

ಒಂದು ಮಧ್ಯಾಹ್ನ ಮೆಷಿನ್ನಿನ ಖಾನೆ ಸಿಕ್ಕಿಕೊಂಡಿತು. ಅತ್ತೆ ಜೋರಾಗಿ ಎಳೆದರು. ಖಾನೆ ಬರಲಿಲ್ಲ, ಮಣಿಕಟ್ಟು ಮುರಿಯಿತು.

ಆಸ್ಪತ್ರೆಗೆ ಕರೆದುಕೊಂಡು ಹೋದವನು ಮಗ, ಅಂದರೆ ಸೊಸೆಯ ಗಂಡ. ಲಿಫ್ಟ್ ರಿಪೇರಿ ಮಾಡುವವನು. ಫೋನ್ ಬಂದರೆ ಊಟದ ತಟ್ಟೆ ಬಿಟ್ಟು ಓಡಬೇಕಾದ ಕೆಲಸ. ಆಸ್ಪತ್ರೆಯಲ್ಲೂ ಅರ್ಧ ಹೊತ್ತು ಫೋನಿನಲ್ಲೇ ಇದ್ದು, ಕೈಗೆ ಪಟ್ಟಿ ಹಾಕಿಸಿದ ತಾಯಿಯನ್ನೂ ಒಂದು ಚೀಲ ಔಷಧಿಯನ್ನೂ ಸಂಜೆ ಮನೆಗೆ ತಂದಿಳಿಸಿದ.

"ಮೂಳೆ ಸವೆದುಹೋಗಿದೆಯಂತೆ. ಕೈ ಮಾತ್ರ ಅಲ್ಲ, ಬೆನ್ನಲ್ಲೂ ಒಂದು ಮೂಳೆ ಕುಸಿದಿದೆ. ಅದಕ್ಕೇ ಎತ್ತರ ಕಮ್ಮಿಯಾಗಿರೋದು. ಯಾವಾಗಿಂದ ನೋವು ಅಂತ ಕೇಳಿದ್ರು. ಅಮ್ಮ ಗೊತ್ತಿಲ್ಲ ಅಂದ್ಳು."

"ಬೆನ್ನುನೋವು ಇಲ್ಲದ ದಿನ ಯಾವುದಿತ್ತು, ಇದೇ ದಿನ ಕುಸೀತು ಅಂತ ಗುರುತಿಟ್ಕೊಳ್ಳೋಕೆ?" ಎಂದರು ಅತ್ತೆ.

ಮಾವ ನಿವೃತ್ತ ಬಸ್ ಡ್ರೈವರ್. ತಟ್ಟೆಯ ಮುಂದೆ ಕೂತು ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದರು. "ಇಷ್ಟೇನಾ? ನಾಲ್ಕೇ ಇದೆ."

"ವಾರಕ್ಕೊಂದು ಅಪ್ಪ. ಬೆಳಿಗ್ಗೆ ಎದ್ದ ಕೂಡ್ಲೇ, ಖಾಲಿ ಹೊಟ್ಟೇಲಿ. ನೆನಪಿರೋ ಹಾಗೆ ಒಂದು ದಿನ ಇಟ್ಕೊಳ್ಳಿ ಅಂದ್ರು. ನುಂಗಿದ ಮೇಲೆ ಅರ್ಧ ಗಂಟೆ ಏನೂ ತಿನ್ನಬಾರದು, ಮಲಗಬಾರದಂತೆ."

"ನಲ್ಲಿ ಬರೋ ಹೊತ್ತಲ್ಲಿ ಮಲಗೋ ಮಹಾರಾಣಿ ಯಾರಪ್ಪ ಈ ಮನೇಲಿ?" ಎಂದ ಅತ್ತೆ, ಬಡಿಸುತ್ತಿದ್ದ ಸೊಸೆಯ ಕಡೆ ತಿರುಗಿ, "ನಿನಗಲ್ಲ ಕಣೇ ಹೇಳಿದ್ದು," ಎಂದರು. ಆಮೇಲೆ ಅವರಿಗೇ ಹೊಳೆಯಿತು. "ಬುಧವಾರ ಇರ್ಲಿ. ಇವಳಿಗೆ ರಜೆ. ಇವಳು ಮಲಗಿರೋದು ಕಂಡ್ರೆ ಇವತ್ತು ಮಾತ್ರೆ ದಿನ ಅಂತ ತಾನಾಗೇ ನೆನಪಾಗುತ್ತೆ."

ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು.

ಅವಳ ಕೆಲಸ ಬಿಸ್ಕತ್ತು ಕಾರ್ಖಾನೆಯಲ್ಲಿ. ಸಾಲಾಗಿ ಬರುವ ಬಿಸ್ಕತ್ತಿನಲ್ಲಿ ಮುರಿದದ್ದನ್ನು, ಕರಕಲಾದದ್ದನ್ನು ಹೆಕ್ಕಿ ಬುಟ್ಟಿಗೆ ಹಾಕುತ್ತ ಪಾಳಿ ಪೂರ್ತಿ ನಿಂತಿರಬೇಕು. ಕಾರ್ಖಾನೆಯ ಬಸ್ಸು ಕತ್ತಲಿರುವಾಗಲೇ ರಸ್ತೆಯ ಕೊನೆಗೆ ಬಂದು ಹಾರ್ನ್ ಹೊಡೆಯುತ್ತಿತ್ತು. ಹಿತ್ತಲಿನ ನಲ್ಲಿಯಲ್ಲಿ ಗಾಳಿ ಗೊರಗುಟ್ಟಿ ನೀರು ಶುರುವಾಗುವ ಹೊತ್ತಿಗೆ ಅವಳು ಚಪ್ಪಲಿ ಮೆಟ್ಟುತ್ತಿದ್ದಳು. ಮಧ್ಯಾಹ್ನ ಇಳಿದ ಮೇಲೆ ಬಂದು ಪಾತ್ರೆ, ರಾತ್ರಿಯ ಅಡುಗೆ, ಮಾರನೆಯ ದಿನದ ಡಬ್ಬಿಗಳ ತಯಾರಿ. ಬುಧವಾರ ಒಂದು ದಿನ ಬೆಳಕು ಹರಿಯುವ ತನಕ ಮಲಗಿರುತ್ತಿದ್ದಳು. ಅವಳ ಪಾಲಿಗೆ ರಜೆಯೆಂದರೆ ಅದೇ. ಎದ್ದ ಮೇಲೆ ಅದೂ ಉಳಿದ ದಿನಗಳ ಹಾಗೇ.

ಮೊದಲ ಮಾತ್ರೆಯ ದಿನ ನಲ್ಲಿಯ ಗೊರಗೊರಕ್ಕೆ ಅವಳಿಗೆ ಎಚ್ಚರವಾಯಿತು. ಏಳಬೇಕಿಲ್ಲ ಎಂದು ನೆನಪಾಗಿ ಹೊದಿಕೆಯನ್ನು ಕಿವಿಗೆ ಎಳೆದುಕೊಂಡಳು. ನಡುಮನೆಯ ಹಾಸಿಗೆಯಿಂದ ಅಡುಗೆಮನೆ, ಅದರಾಚೆಯ ಹಿತ್ತಲು ನೇರ ಕಾಣುತ್ತಿತ್ತು. ಅತ್ತೆ ಹಾಳೆಯಿಂದ ಮಾತ್ರೆ ಬಿಡಿಸಿದರು. ಹಿಂದಿನ ದಿನದ ಬಿಂದಿಗೆಯ ತಳದಲ್ಲಿ ಉಳಿದಿದ್ದ ನೀರನ್ನು ಲೋಟಕ್ಕೆ ಬಗ್ಗಿಸಿ ಎರಡು ಗುಟುಕಿನಲ್ಲಿ ನುಂಗಿದರು. ಲೋಟ ಇಟ್ಟವರೇ ಹಿತ್ತಲಿಗೆ ಹೋದರು.

ನೀರಿಗೆ ಮೇಲೆ ಹತ್ತುವ ಕಸುವಿಲ್ಲವೆಂದು ಆ ಬೀದಿಯ ಎಲ್ಲ ಮನೆಗಳಲ್ಲೂ ನಲ್ಲಿಗೆ ನೆಲದಲ್ಲಿ ಗುಂಡಿ ತೋಡಿದ್ದರು. ಗುಂಡಿಯಲ್ಲಿ ಬಿಂದಿಗೆ ಇಡಬೇಕು, ತುಂಬಿದ ಮೇಲೆ ಸೊಂಟ ಮಡಿಸಿ ಎತ್ತಬೇಕು, ಡ್ರಮ್ಮಿಗೆ ಸುರಿಯಬೇಕು, ಮತ್ತೆ ಬಗ್ಗಬೇಕು. ಒಂದು ಕೈಗೆ ಪಟ್ಟಿ ಇದ್ದದ್ದರಿಂದ ಅತ್ತೆ ಬಿಂದಿಗೆ ಬಿಟ್ಟು ಸಣ್ಣ ಬಕೆಟ್ ಹಿಡಿದಿದ್ದರು. ಬಗ್ಗುವುದು ಅದರಿಂದ ಹೆಚ್ಚಾಗಿತ್ತೇ ಹೊರತು ಕಡಿಮೆಯಾಗಿರಲಿಲ್ಲ. ತಲೆ ಗುಂಡಿಯ ಒಳಗೆ, ಬೆನ್ನು ಆಕಾಶಕ್ಕೆ.

ಮುಂಬಾಗಿಲ ಕಡೆ ಮಾವ ಅಂಗಳದಲ್ಲಿ ಉಸಿರು ಬಿಡುತ್ತ ವ್ಯಾಯಾಮ ಮಾಡುತ್ತಿದ್ದರು. ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ. ಸೊಸೆ ಅರೆಗಣ್ಣಿನಲ್ಲಿ ನೋಡಿದಳು. ಮಾತ್ರೆಯ ಜೊತೆ ಬಂದಿದ್ದ ಚೀಟಿಯನ್ನು ಅವಳು ಹಿಂದಿನ ದಿನವೇ ಬಿಡಿಸಿ ನೋಡಿದ್ದಳು. ಅಕ್ಷರ ಇರುವೆಯಷ್ಟು ಸಣ್ಣದು. ಆದರೆ ಲೋಟದ ತುಂಬ ನೀರಿನ ಚಿತ್ರವೂ ನೆಟ್ಟಗೆ ಕೂತ ಹೆಂಗಸಿನ ಚಿತ್ರವೂ ಇದ್ದವು. ಈಗ ಎದ್ದು ಹೋಗಿ ಹೇಳಬೇಕು ಅನ್ನಿಸಿತು. ಎದ್ದರೆ ಬಕೆಟ್ ತನ್ನ ಕೈಗೆ ಬರುತ್ತದೆ. ಒಂದು ಸಲ ಬಂದರೆ ಮುಂದಿನ ವಾರವೂ ಬರುತ್ತದೆ. ಅವಳು ಗೋಡೆಯ ಕಡೆ ಹೊರಳಿದಳು.

ಎರಡನೆಯ ವಾರ ಅತ್ತೆ ಎದೆಯುರಿ ಎಂದರು. ಮೂರನೆಯ ವಾರ ಅನ್ನದ ತುತ್ತು ಇಳಿಯುವಾಗ ಎದೆಯ ನಡುವೆ ಮುಳ್ಳು ಆಡಿದ ಹಾಗಾಗುತ್ತದೆ ಎಂದು ಗಂಜಿ ಕುಡಿದು ಮಲಗಿದರು. ಆವತ್ತೇ ಸಂಜೆ ನಾದಿನಿ ಬಂದಳು.

ನಾದಿನಿಯ ಮನೆ ಎರಡು ಬೀದಿ ಆಚೆ. ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಅವಳ ಮಗಳೇ ಶಾಲೆಗೆ ಹೋಗುತ್ತಿದ್ದರೂ ತವರಿನಲ್ಲಿ ಎಲ್ಲರೂ ಅವಳನ್ನು ಇನ್ನೂ ಪಾಪು ಎಂದೇ ಕರೆಯುತ್ತಿದ್ದರು. ಕಂಕುಳಲ್ಲಿ ಒಂದು ದೊಡ್ಡ ಡಬ್ಬ ಅವುಚಿಕೊಂಡು ಬಂದವಳು ಮಾತ್ರೆಯ ಹಾಳೆ ಕಂಡು ಹೌಹಾರಿದಳು.

"ಅಯ್ಯೋ ಅಮ್ಮಾ, ಇದೇ ಮಾತ್ರೆ! ನಮ್ಮಲ್ಲಿಗೆ ಕೂದಲು ಗುಂಗುರು ಮಾಡಿಸ್ಕೊಳ್ಳೋಕೆ ಒಬ್ರು ಮೇಡಂ ಬರ್ತಾರೆ, ಅವರ ಚಿಕ್ಕಮ್ಮನಿಗೆ ಇದನ್ನ ತಿಂದು ದವಡೆ ಮೂಳೆ ಕೊಳೀತಂತೆ. ಮೂಳೆ ಗಟ್ಟಿಯಾಗ್ಲಿ ಅಂತ ಹೋಗಿ ಇದ್ದ ದವಡೇನೂ ಕಳ್ಕೊಂಡ್ರು!"

"ನಿನ್ನ ಹತ್ರ ತಲೆ ಕೊಡೋರೆಲ್ಲ ಡಾಕ್ಟ್ರೇನೇ?" ಎಂದ ಅಣ್ಣ.

"ನೀನು ಡಾಕ್ಟ್ರಾ? ಲಿಫ್ಟಿಗೆ ಎಣ್ಣೆ ಬಿಡೋನು."

"ಎಣ್ಣೆ ಬಿಡೋ ಕಡೆ ಪುಡಿ ಉದುರಿಸಿದ್ರೆ ಲಿಫ್ಟು ಏರುತ್ತಾ? ಏನದು ಡಬ್ಬ?"

"ಸಮುದ್ರದ ಪಾಚಿಯಿಂದ ಮಾಡಿದ ಕ್ಯಾಲ್ಸಿಯಂ. ಏನೂ ತೊಂದ್ರೆ ಇಲ್ಲ, ಗಿಡದ್ದು. ಹಾಲಿಗೆ ಹಾಕ್ಕೊಂಡು ಕುಡಿಯೋದು, ಬಿಸಿಲಲ್ಲಿ ಕೂರೋದು, ನಡೆಯೋದು. ಅಷ್ಟು ಮಾಡಿದ್ರೆ ಮೂಳೆ ತಾನಾಗೇ ಬೆಳೆಯುತ್ತೆ."

"ನಡಿಗೆ!" ಎಂದು ಮಾವ ತೊಡೆ ತಟ್ಟಿದರು. "ನಾನು ಮೊದಲಿಂದ ಬಡ್ಕೊಳ್ತಿರೋದು ಅದನ್ನೇ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದು ಕೂತೋನು ನಾನು, ನನ್ನ ಒಂದು ಮೂಳೆ ಅಲ್ಲಾಡಿದೆಯಾ? ದಿನಾ ವ್ಯಾಯಾಮ."

"ಡಾಕ್ಟ್ರು ಏನು ಹೇಳಿದ್ರು ಅಂತ ಕೇಳ್ಕೊಂಡು ಬಂದಿರೋನು ನಾನು," ಎಂದು ಮಗ ದನಿ ಏರಿಸಿದ. "ಮಾತ್ರೆ ನಿಲ್ಲಿಸಬಾರದು."

"ಎದೆ ಉರಿಯೋದು ನಿನಗಾ, ನನಗಾ?" ಎಂದರು ಅತ್ತೆ. ನಾಲ್ಕನೆಯ ಮಾತ್ರೆ ಹಾಳೆಯಲ್ಲೇ ಉಳಿಯಿತು.

ಮಾರನೆಯ ದಿನದಿಂದ ಮಾವ ಅತ್ತೆಯನ್ನು ನಡೆಸಲು ಕರೆದೊಯ್ದರು. ಮಾವನ ನಡಿಗೆ ಎಕ್ಸ್‌ಪ್ರೆಸ್ ಬಸ್ಸು. ನಡುವೆ ನಿಲುಗಡೆ ಇರಲಿಲ್ಲ. ಅತ್ತೆ ಮೊದಲ ತಿರುವಿನಲ್ಲೇ ಮೋರಿಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ಮಾವ ಕೆರೆಯ ಏರಿ ಸುತ್ತಿ ಬೆವರೊರೆಸುತ್ತ ಬಂದು ಹತ್ತಿಸಿಕೊಂಡು ಬರುವರು. "ಇವತ್ತು ಎಷ್ಟು ದೂರ ಹೋಗಿದ್ರಿ?" ಎಂದು ಮಗ ಕೇಳಿದರೆ "ಕೆರೆ ತನಕ" ಎಂದು ಮಾವ ಹೇಳುವರು. ಅತ್ತೆ ಪುಡಿ ಕದಡಿದ ಹಾಲು ಕುಡಿಯುವರು. ಅದು ಗೋಡೆಗೆ ಬಳಿಯುವ ಸುಣ್ಣದ ಹಾಗಿದೆ ಎಂದು ಸೊಸೆಯ ಹತ್ತಿರ ಮಾತ್ರ ಹೇಳಿದ್ದರು.

ಎದೆಯುರಿ ನಿಂತಿತು. ಬೆನ್ನು ನೋವು ನಿಲ್ಲಲಿಲ್ಲ. ಕೈಯ ಪಟ್ಟಿ ಬಿಚ್ಚಿದ ಮೇಲೆ ಅತ್ತೆ ಬಕೆಟ್ ಬಿಟ್ಟು ಮತ್ತೆ ಬಿಂದಿಗೆ ಹಿಡಿದರು.

ಒಂದು ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು.

"ಕೆಲವರ ಮೈಯೇ ಹಾಗೆ ಕಣೇ. ನನಗೆ ಆ ಮಾತ್ರೆ ಆಗಿಬರಲ್ಲ. ದೇವರು ಕೊಟ್ಟ ಮೈ, ಅದನ್ನ ದೂರಿ ಏನು ಮಾಡೋದು?"

ಸೊಸೆಯ ಚಾಕು ನಿಂತಿತು.

"ಏನು?"

"ಏನಿಲ್ಲ ಅತ್ತೆ. ಹುಳ ಇತ್ತು."

ಅವಳು ಒಳ್ಳೆಯ ಆಲೂಗಡ್ಡೆಯ ಒಂದು ತುಂಡನ್ನು ಕೆತ್ತಿ ಸಿಪ್ಪೆಯ ರಾಶಿಗೆ ಎಸೆದಳು. ಬುಧವಾರಗಳು ಬಂದವು, ಹೋದವು. ಮಾತ್ರೆಯೇ ಇಲ್ಲದ ಮೇಲೆ ನೋಡುವುದೇನಿತ್ತು? ಆದರೂ ನಲ್ಲಿ ಗೊರಗುಟ್ಟಿದ ಕೂಡಲೇ ಅವಳ ಕಣ್ಣು ತೆರೆದುಕೊಳ್ಳುತ್ತಿತ್ತು. ಗುಂಡಿಯಿಂದ ಏಳುವಾಗ ಅತ್ತೆ ಈಗ ಡ್ರಮ್ಮಿನ ಅಂಚು ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಿದ್ದರು. ಮಲಗಿಯೂ ನಿದ್ದೆಯಿಲ್ಲ, ಎದ್ದೂ ಪ್ರಯೋಜನವಿಲ್ಲ ಎಂಬಂತಾಗಿತ್ತು ಅವಳ ರಜೆ.

ಹೀಗಿರುವಾಗ ಒಂದು ದಿನ ಪಾಳಿ ಮುಗಿಸಿ ಬಂದಾಗ ಬೀದಿಬಾಗಿಲು ತೆರೆದೇ ಇತ್ತು. ಅತ್ತೆ ಹಿತ್ತಲಿನ ಕಲ್ಲುಹಾಸಿನ ಮೇಲೆ ಮಗ್ಗುಲಾಗಿ ಮಲಗಿದ್ದರು. ಪಕ್ಕದಲ್ಲಿ ಅರ್ಧ ಹಿಂಡಿದ ಚಾದರ. ಮಾವ ಬೀಸಣಿಗೆ ಹಿಡಿದು, ಏನು ಮಾಡಬೇಕೆಂದು ತಿಳಿಯದೆ, ಗಾಳಿ ಹಾಕುತ್ತಿದ್ದರು.

"ಬಿದ್ರಾ?"

"ಬೀಳ್ಲಿಲ್ಲ ಕಣಮ್ಮ. ಒಣಹಾಕೋಕೆ ಚಾದರ ಕೊಡವಿದಳು, ಅಷ್ಟೇ. ಅಯ್ಯೋ ಅಂತ ಹಾಗೇ ಕೂತ್ಳು."

"ಚಟ್ ಅಂತು," ಎಂದರು ಅತ್ತೆ. "ದಾರ ಕಡಿದ ಹಾಗೆ. ನನ್ನ ಕಿವಿಗೆ ಕೇಳಿಸ್ತು." ಮಾತಾಡುವಾಗಲೂ ಅಲುಗದಂತೆ ತುಟಿ ಮಾತ್ರ ಆಡಿಸುತ್ತಿದ್ದರು.

ಎಕ್ಸ್‌ರೇಯಲ್ಲಿ ಬೆನ್ನಿನ ಇನ್ನೊಂದು ಮೂಳೆ ಕುಸಿದದ್ದು ಕಂಡಿತು. ಡಾಕ್ಟರನ್ನು ಕಾಣುವ ದಿನ ಮಗನಿಗೆ ಎಲ್ಲೋ ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡ ಫೋನ್ ಬಂತು. ನಾದಿನಿಗೆ ಮದುವಣಗಿತ್ತಿಯೊಬ್ಬಳನ್ನು ಅಲಂಕರಿಸುವ ಕೆಲಸವಿತ್ತು. ಸೊಸೆ ರಜೆ ಹಾಕಿ ಹೊರಟಳು.

ಡಾಕ್ಟರಮ್ಮನ ಕೋಣೆಯ ಹೊರಗೆ ಬೆಂಚು ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ಆಕೆಯೂ ದಣಿದಿದ್ದರು, ಕನ್ನಡಕ ತೆಗೆದು ಕಣ್ಣುಜ್ಜಿ ಮತ್ತೆ ಹಾಕಿಕೊಂಡು ಎಕ್ಸ್‌ರೇ ನೋಡಿದರು.

"ಮಾತ್ರೆ ನಡೀತಿದೆಯಾ?"

"ಬಿಟ್ಟೆ ಡಾಕ್ಟ್ರೇ. ನನಗೆ ಆಗಿಬರಲಿಲ್ಲ. ಎದೆ ಉರಿದುಹೋಯ್ತು. ಈಗ ಪುಡಿ ತಗೋತೀನಿ, ಬಿಸಿಲಲ್ಲಿ ಕೂರ್ತೀನಿ. ನಡೀತೀನಿ."

"ಒಳ್ಳೇದೇ. ಕ್ಯಾಲ್ಸಿಯಂ ಬೇಕು, ಬಿಸಿಲು ಬೇಕು, ನಡಿಗೇನೂ ಬೇಕು. ಯಾವುದನ್ನೂ ಬಿಡಿ ಅನ್ನಲ್ಲ. ಆದ್ರೆ ಇಷ್ಟು ಸವೆದು, ಮುರಿದೂ ಆದ ಮೇಲೆ ಅವಷ್ಟೇ ಸಾಲಲ್ಲ. ಮಾತ್ರೆ ಹೇಗೆ ತಗೊಳ್ತಿದ್ರಿ?"

"ನೀವು ಹೇಳಿದ ಹಾಗೇ. ಎದ್ದ ಕೂಡ್ಲೇ. ಆಮೇಲೆ ಮಲಗ್ತಾನೇ ಇರ್ಲಿಲ್ಲ."

ಡಾಕ್ಟರು ಪೆನ್ನು ಎತ್ತಿಕೊಂಡರು. ಬರೆಯತೊಡಗಿದರೆ ಮುಗಿಯಿತು, ಮುಂದಿನವರನ್ನು ಕರೆಯುತ್ತಾರೆ. ಸೊಸೆ ಬಾಗಿಲ ಕಡೆ ನೋಡಿದಳು, ಆಮೇಲೆ ಮೇಜಿನ ಮೇಲಿನ ಗಾಜನ್ನು ನೋಡಿದಳು.

"ಬಗ್ತಾರೆ," ಎಂದಳು.

"ಏನಮ್ಮ?"

"ಮಾತ್ರೆ ನುಂಗಿ ಬಗ್ತಾರೆ. ನಲ್ಲಿ ಗುಂಡೀಲಿದೆ. ನೀರು ನಿಲ್ಲೋ ತನಕ ಬಗ್ಗೋದು, ಏಳೋದು. ಮಾತ್ರೆಗೂ ಎರಡೇ ಗುಟುಕು ನೀರು ಕುಡಿಯೋದು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೌದಾ ಅಮ್ಮಾ?"

"ಮಲಗಬೇಡಿ ಅಂದ್ರಿ," ಎಂದರು ಅತ್ತೆ, ತಪ್ಪು ಹಿಡಿಯಲ್ಪಟ್ಟ ಶಾಲೆಯ ಹುಡುಗಿಯ ಹಾಗೆ. "ಬಗ್ಗಬೇಡಿ ಅಂತ ನನಗೆ ಯಾರೂ ಹೇಳ್ಲಿಲ್ಲ."

"ಲೋಟ ತುಂಬ ನೀರು ಕುಡಿದ್ರೆ ಮಾತ್ರೆ ಹೊಟ್ಟೆಗೆ ಇಳಿಯುತ್ತೆ. ಎರಡು ಗುಟುಕಿಗೆ ಅನ್ನನಾಳದಲ್ಲೇ ಅಂಟಿಕೊಳ್ಳುತ್ತೆ. ಮೇಲೆ ಬಗ್ಗಿದ್ರೆ ಇಳಿದಿದ್ದೂ ವಾಪಸ್ ಬರುತ್ತೆ. ಉರಿಯದೆ ಇನ್ನೇನು?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತು ಇತ್ತು. "ಈಗ ಉರಿ ನಿಂತಿದ್ರೂ ಒಳಗೆ ಗಾಯ ಉಳಿದಿರಬಹುದು; ಮೊದ್ಲು ಅದಕ್ಕೆ ಔಷಧಿ ಕೊಡ್ತೀನಿ, ಮಾಯಲಿ. ಆಮೇಲೆ ಸರಿಯಾಗಿ ತಗೊಂಡು ನೋಡಿ. ಆಗ್ಲೂ ಉರಿದ್ರೆ ನಿಲ್ಲಿಸಿ ನನ್ನ ಹತ್ರ ಬನ್ನಿ, ಇಂಜೆಕ್ಷನ್ ಇದೆ, ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ. ನೀವೇ ನಿರ್ಧಾರ ಮಾಡಿ ಪುಡಿ ಕುಡೀಬೇಡಿ. ಆ ಪುಡೀನೂ ಮಾತ್ರೆ ಹೊತ್ತಿಗೆ ಬೇಡ, ಊಟದ ಜೊತೆ ಇರ್ಲಿ."

"ದವಡೆ ಕೊಳೆಯುತ್ತೆ ಅಂತಾಳೆ ನನ್ನ ಮಗಳು."

"ಆಗುತ್ತೆ, ಇಲ್ಲ ಅನ್ನಲ್ಲ. ಬಹಳ ಅಪರೂಪ. ಹಲ್ಲು ಕೀಳಿಸೋದಿದ್ರೆ ಮೊದ್ಲೇ ಕೀಳಿಸಿ. ಜೀವನ ಪೂರ್ತಿ ನುಂಗಿ ಅಂತಲೂ ಇಲ್ಲ, ಕೆಲವು ವರ್ಷ ಆದ್ಮೇಲೆ ನಿಲ್ಲಿಸಬಹುದಾ ನೋಡೋಣ. ಆದ್ರೆ ಬಿಂದಿಗೆ ಎತ್ತೋದು ಇವತ್ತಿಂದಲೇ ನಿಲ್ಲಬೇಕು. ಮಾತ್ರೆ ದಿನ ಮಾತ್ರ ಅಲ್ಲ, ಯಾವ ದಿನಾನೂ."

ಔಷಧಿ ಕೊಡುವ ಕಿಟಕಿಯ ಮುಂದೆ ಇಬ್ಬರೂ ಬೆಂಚಿನ ಮೇಲೆ ಕಾದು ಕೂತರು. ಅತ್ತೆ ಬೆನ್ನಿಗೆ ಕಟ್ಟಿದ ಬೆಲ್ಟಿನಲ್ಲಿ ಹಲಗೆಯ ಹಾಗೆ ನೆಟ್ಟಗಿದ್ದರು.

"ನಿನಗೆ ನಿದ್ದೆ ಬಂದಿರ್ಲಿಲ್ವಾ ಆವತ್ತು?"

"ಇಲ್ಲ."

"ಎಲ್ಲ ಬುಧವಾರನೂ ನೋಡಿದೆಯಾ?"

"ಹೂಂ."

"ಮೊದ್ಲೇ ಒಂದು ಮಾತು ಹೇಳ್ಬಾರದಿತ್ತೇನೇ?"

"ಹೇಳಿದ್ರೆ ನೀರು ನಾನು ಹಿಡೀಬೇಕಾಗಿತ್ತು."

ಬಾಯಿಂದ ಬಂದ ಮೇಲೆ ಅವಳಿಗೇ ಗಾಬರಿಯಾಯಿತು. ಅತ್ತೆ ತಲೆ ತಿರುಗಿಸಲಾರದೆ ಎದುರಿನ ಗೋಡೆಯನ್ನೇ ನೋಡುತ್ತಿದ್ದರು. ಕಿಟಕಿಯವನು ಯಾರದೋ ಚೀಟಿ ಕೂಗಿದ. ಅವರದಲ್ಲ.

"ಅದೂ ನಿಜ ಅನ್ನು," ಎಂದರು ಅತ್ತೆ.

ಆವತ್ತು ರಾತ್ರಿ ಊಟಕ್ಕೆ ನಾದಿನಿಯೂ ಇದ್ದಳು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಸೊಪ್ಪು. ಡಾಕ್ಟರು ಹೇಳಿದ್ದನ್ನೆಲ್ಲ ಅತ್ತೆ ಹೇಳಿದರು. ಬೆಂಚಿನ ಮೇಲಿನ ಮಾತನ್ನು ಮಾತ್ರ ಹೇಳಲಿಲ್ಲ.

"ನೋಡಿದ್ಯಾ ಪಾಪು?" ಎಂದ ಮಗ. "ಮಾತ್ರೇದೇನೂ ತಪ್ಪಿಲ್ಲ."

"ಪುಡೀದೂ ತಪ್ಪಿಲ್ಲ ಅಂದ್ರಲ್ಲ, ಅದನ್ನ ಕೇಳಿಸ್ಕೊಳ್ಳಲಿಲ್ವಾ ನಿನ್ನ ಕಿವಿ? ಬಗ್ಗಬಾರದು ಅನ್ನೋದನ್ನ ಆಸ್ಪತ್ರೆಯಿಂದ ಕೇಳ್ಕೊಂಡು ಬರ್ಬೇಕಾಗಿದ್ದೋನು ನೀನು. ಫೋನಲ್ಲಿದ್ದೆ ಅನ್ಸುತ್ತೆ."

"ಬೆನ್ನು ನೆಟ್ಟಗಿರ್ಲಿ ಅಂದಿದ್ರು. ಅದೇ ಮಲಗಬಾರದು ಅಂತ ತಾನೇ ಅರ್ಥ? ಈಗ ಜಗಳ ಬೇಡ." ಅವನು ಹೆಂಡತಿಯ ಕಡೆ ತಿರುಗಿದ. "ನೋಡು, ಬುಧವಾರ ನಿನಗೆ ಹೇಗೂ ರಜೆ. ಆವತ್ತು ನೀರು ನೀನು ಹಿಡಿ. ಉಳಿದ ದಿನದ್ದು ಏನಾದ್ರೂ ಮಾಡೋಣ. ಮುಗೀತಲ್ಲ?"

ಸೊಸೆ ಸೊಪ್ಪಿನ ಪಾತ್ರೆಯನ್ನು ಕೆಳಗಿಟ್ಟಳು.

"ಇಲ್ಲ."

"ಏನು ಇಲ್ಲ?"

"ನಾನು ಹಿಡಿಯಲ್ಲ. ವಾರದಲ್ಲಿ ಅದೊಂದು ಬೆಳಿಗ್ಗೆ ನಾನು ಮಲಗೋದು."

ನಾದಿನಿಯೇ ಮೊದಲು ಸಾವರಿಸಿಕೊಂಡಳು. "ಏನತ್ತಿಗೆ ಇದು? ಅಮ್ಮನ ಬೆನ್ನಿಗಿಂತ ನಿಮ್ಮ ನಿದ್ದೆ ಹೆಚ್ಚಾಯ್ತಾ?"

"ನನ್ನೊಬ್ಬಳ ನಿದ್ದೆ ಮಾತ್ರ ಯಾಕೆ ಕೇಳ್ತೀಯ ಪಾಪು? ನಿಮ್ಮಣ್ಣಂದು ವಾರದ ಎಲ್ಲ ದಿನಾನೂ ನಿದ್ದೇನೇ. ಅದನ್ನ ಯಾರೂ ಅಮ್ಮನ ಬೆನ್ನಿನ ಜೊತೆ ತೂಗಿ ನೋಡ್ಲಿಲ್ಲ."

"ರಾತ್ರಿ ಎಷ್ಟು ಹೊತ್ತಿಗೆ ಬರ್ತೀನಿ ನಾನು, ನಿನಗೆ ಗೊತ್ತಿಲ್ವಾ?" ಎಂದು ಗಂಡ ಮುಖ ಕೆಂಪಗೆ ಮಾಡಿಕೊಂಡ.

"ಗೊತ್ತು. ಬಾಗಿಲು ತೆಗೆಯೋಳು ನಾನೇ."

"ಬಿಡ್ರೋ, ಬಿಡಿ," ಎಂದರು ಅತ್ತೆ. "ಮಾತ್ರೇನೂ ಬೇಡ, ಮಣ್ಣೂ ಬೇಡ. ನಾನೇ ಹೇಗೋ ನಿಧಾನಕ್ಕೆ..."

"ಮಾತ್ರೆ ನೀವು ನುಂಗಲೇಬೇಕು ಅತ್ತೆ," ಎಂದಳು ಸೊಸೆ. ಮಾತು ನಿಂತರೆ ಮತ್ತೆ ಹೊರಡುವುದಿಲ್ಲವೆಂಬ ಭಯದಲ್ಲಿ ಒಂದೇ ಉಸಿರಿಗೆ ಹೇಳಿದಳು. "ನೀರು ನಾನು ಹಿಡಿಯಲ್ಲ. ಎರಡನ್ನೂ ನಾನೇ ಹೇಳ್ತಿದ್ದೀನಿ."

ಮಾವ ಮೊಟ್ಟೆಯ ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದರು. ಎಲ್ಲರ ಕಣ್ಣೂ ತಮ್ಮ ಕಡೆ ತಿರುಗಿದ್ದು ಗೊತ್ತಾಗಿ ತಲೆ ಎತ್ತಿದರು.

"ನನ್ನನ್ನ ಯಾಕೆ ನೋಡ್ತೀರಿ? ನನ್ನ ಮೊಣಕಾಲು ನನಗೆ ಗೊತ್ತು. ಈ ವಯಸ್ಸಲ್ಲಿ ಗುಂಡಿಗೆ ಬಗ್ಗು ಅಂದ್ರೆ..."

"ದಿನಾ ಬೆಳಿಗ್ಗೆ ಅಂಗಳದಲ್ಲಿ ಬಗ್ಗಿ ಕಾಲ್ಬೆರಳು ಮುಟ್ತೀರಲ್ಲ ಮಾವ," ಎಂದಳು ಸೊಸೆ.

ನಾದಿನಿಗೆ ಬಾಯಲ್ಲಿದ್ದ ನೀರು ಮೂಗಿಗೆ ಹತ್ತಿತು. ಕೆಮ್ಮುತ್ತಲೇ ನಕ್ಕಳು. ಮಗನೂ ತುಟಿ ಕಚ್ಚಿಕೊಂಡ. ಅತ್ತೆ ನಗಲು ಹೋಗಿ ಬೆನ್ನು ಹಿಡಿದುಕೊಂಡು, "ಅಯ್ಯಪ್ಪಾ, ನಗಿಸಬೇಡ್ರೇ," ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಮಾವ ಮಾತ್ರ ನಗಲಿಲ್ಲ. ಎದ್ದು ಕೈ ತೊಳೆದು, ಒಳಗೆ ಹೋಗಿ ಮಲಗಿದರು.

ಮಾರನೆಯ ಬೆಳಿಗ್ಗೆ ಸೊಸೆ ಚಪ್ಪಲಿ ಮೆಟ್ಟುವಾಗ ಹಿತ್ತಲಿನಲ್ಲಿ ಬಿಂದಿಗೆ ಗುಂಡಿಯ ಗೋಡೆಗೆ ಬಡಿದ ಸದ್ದಾಯಿತು. ಜೊತೆಗೆ ಬಸ್ಸು ಓಡಿಸುವಾಗ ಕಲಿತ ಒಂದು ಬೈಗುಳ. ಅವಳು ತಿರುಗಿ ನೋಡದೆ ಬಸ್ಸಿಗೆ ಹೋದಳು. ಗಂಡ ಎರಡು ದಿನ ಅವಳೊಡನೆ ಮಾತು ಬಿಟ್ಟ. ಮೂರನೆಯ ದಿನ, ತಂದೆ ಸೊಂಟ ಹಿಡಿದು ನರಳಿದ ಮೇಲೆ, ಒಂದು ಹಳೆಯ ಪೈಪಿನ ತುಂಡು ತಂದು ನಲ್ಲಿಗೆ ಸಿಕ್ಕಿಸಲು ನೋಡಿದ. ನೀರು ಮೇಲೆ ಹತ್ತಲಿಲ್ಲ. "ಲಿಫ್ಟಿಗೆ ಎಣ್ಣೆ ಬಿಡೋನೇ, ನೀರನ್ನ ಏರಿಸು ನೋಡೋಣ," ಎಂದರು ಮಾವ. ಕೊನೆಗೆ ವಾರದಲ್ಲಿ ಕೆಲವು ದಿನ ಮಗ ಎದ್ದ, ಕೆಲವು ದಿನ ಎದ್ದೆನೆಂದು ಹೇಳಿ ಮಲಗಿದ. ನೀರು ಕಡಿಮೆ ಬಿದ್ದ ದಿನ ಎಲ್ಲರೂ ಎಲ್ಲರ ಮೇಲೂ ಹಾರಾಡಿದರು. ಹೊಲಿಗೆಯ ಗಂಟುಗಳು ಮೂಲೆಯಲ್ಲಿ ಬೆಳೆದವು. ಸೊಸೆಗೆ ಸಂಜೆಯ ಕೆಲಸ ಮೊದಲಿಗಿಂತ ಹೆಚ್ಚಾಯಿತು. ಒಗೆಯುವುದು, ಒರೆಸುವುದು ಎಲ್ಲ ಅವಳ ತಲೆಗೇ ಬಂತು. ಅದಕ್ಕೆ ಅವಳು ಇಲ್ಲವೆನ್ನಲಿಲ್ಲ. ಹೇಳಿದ್ದ ಒಂದು 'ಇಲ್ಲ'ವನ್ನು ಉಳಿಸಿಕೊಳ್ಳುವುದಕ್ಕೇ ಅವಳ ಶಕ್ತಿಯೆಲ್ಲ ಸಾಕಾಗುತ್ತಿತ್ತು.

ಉರಿಯ ಔಷಧಿ ಮುಗಿಯಿತು. ಅಲುಗಾಡುತ್ತಿದ್ದ ಒಂದು ಹಲ್ಲನ್ನು ಕೀಳಿಸಿದ್ದಾಯಿತು; ನಾದಿನಿಯೇ ಕರೆದುಕೊಂಡು ಹೋಗಿದ್ದಳು. ಗಾಯ ಮಾಯ್ದ ಮೇಲೆ ಹೊಸ ಹಾಳೆ ಬಂತು. ಬುಧವಾರವೂ ಬಂತು.

ನಲ್ಲಿ ಗೊರಗುಟ್ಟಿತು. ಸೊಸೆಯ ಕಣ್ಣು ತೆರೆಯಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕುರ್ಚಿ ಹಾಕಿಕೊಂಡು ನಿಂತಿದ್ದರು. ಲೋಟವನ್ನು ಕಂಠಪೂರ್ತಿ ತುಂಬಿಸಿ, ಮಾತ್ರೆ ಬಾಯಿಗೆ ಹಾಕಿ, ಕಣ್ಣು ಮುಚ್ಚಿ ನೀರನ್ನೆಲ್ಲ ಕುಡಿದರು. ಆಮೇಲೆ ಕುರ್ಚಿಯಲ್ಲಿ ಕೂತರು. ಕೈಯನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಸೆರಗಿಲ್ಲದ ನೈಟಿಯಲ್ಲಿ ಸೆರಗು ಹುಡುಕಿದರು, ಮಡಿಲಲ್ಲಿಟ್ಟರು, ತೆಗೆದರು.

ಹಿತ್ತಲಿನಲ್ಲಿ ಮಾವ ಗುಂಡಿಗೆ ಬಗ್ಗಿದರು.

"ಡ್ರಮ್ಮಿನ ಮುಚ್ಚಳ ತೆಗೀರಿ ಮೊದ್ಲು! ತುಂಬಿದ ಬಿಂದಿಗೆ ಹಿಡ್ಕೊಂಡು ಯಾವ ಕೈಲಿ ತೆಗೀತೀರಿ?"

"ಡ್ರೈವರ್ ಜೊತೆ ಮಾತಾಡಬಾರದು ಅಂತ ಬೋರ್ಡ್ ಇರುತ್ತೆ, ಓದಿಲ್ವಾ?"

"ಚೆಲ್ತಿದ್ದೀರಿ."

"ನನ್ನ ನೀರು, ನಾನು ಚೆಲ್ತೀನಿ."

"ಇನ್ನೂ ಎಷ್ಟು ಹೊತ್ತಾಗ್ಬೇಕು?"

"ಈಗಷ್ಟೇ ಕೂತಿದ್ದೀಯ. ಸುಮ್ನಿರು."

ಅತ್ತೆ ಒಂದೆರಡು ಸಲ ಕುರ್ಚಿಯ ಕೈ ಹಿಡಿದು ಏಳಲು ನೋಡಿ ತಾವೇ ಕೂತರು. ಬಿಂದಿಗೆ ಗುಂಡಿಗೆ ಇಳಿಯುವ, ತುಂಬುವ, ಡ್ರಮ್ಮಿಗೆ ಬೀಳುವ ಸದ್ದು ಒಂದರ ಹಿಂದೊಂದು ಬರುತ್ತಿತ್ತು. ಅದು ತಮ್ಮ ಕೈಯದಲ್ಲದ ಸದ್ದಾಗಿ ಅವರು ಕೇಳುತ್ತಿದ್ದದ್ದು ಬಹುಶಃ ಅದೇ ಮೊದಲು. ಹೆಗಲು ನಿಧಾನವಾಗಿ ಇಳಿಯಿತು. ಹಿತ್ತಲಿನ ಗೋಡೆಯ ಮೇಲೆ ಬೆಳಕು ಬಿತ್ತು. ನಲ್ಲಿ ತೊಟ್ಟಿಕ್ಕಿ ನಿಂತಿತು.

"ಆಯ್ತು ಏಳು," ಎಂದರು ಮಾವ, ಏದುಸಿರು ಬಿಡುತ್ತ. "ನಿನ್ನ ಅರ್ಧ ಗಂಟೆ ಯಾವಾಗ್ಲೋ ಮುಗೀತು. ಚಹಾ ಇಡು."

"ಹೂಂ," ಎಂದರು ಅತ್ತೆ. ಏಳಲಿಲ್ಲ.

"ಏನೇ, ಉರೀತಿದೆಯಾ?"

"ಇಲ್ಲ. ಇನ್ನೂ ಸ್ವಲ್ಪ ಹೊತ್ತು ಕೂತಿರ್ತೀನಿ."

ಮಾವ ಖಾಲಿ ಬಿಂದಿಗೆಯನ್ನು ಸದ್ದಾಗದಂತೆ ನೆಲಕ್ಕಿಟ್ಟು ಚಹಾದ ಪಾತ್ರೆ ಹುಡುಕಲು ಒಳಗೆ ಬಂದರು. ಸಕ್ಕರೆ ಎಲ್ಲಿದೆಯೆಂದು ಅವರು ಕೇಳಿದ್ದು, ಅತ್ತೆ ಕೂತಲ್ಲಿಂದಲೇ ಹೇಳಿದ್ದು ಸೊಸೆಯ ಕಿವಿಗೆ ದೂರದಿಂದ ಬಂತು. ಅವಳಿಗೆ ಆಗಲೇ ನಿದ್ದೆ ಹತ್ತಿತ್ತು.